ಔಷಧಕ್ಕಿಂತ ಮೊದಲು ಹೆಸರು: ರಕ್ತದ ಕ್ಯಾನ್ಸರ್ ಮತ್ತು ‘ಸಿಡಿ’ ಪರೀಕ್ಷೆ

ಜೇವರ್ಗಿ ತಾಲೂಕಿನ ಒಬ್ಬ ತಂದೆ ಒಂದು ಸಂಜೆ ನನ್ನ ದವಾಖಾನೆಗೆ ಬಂದು, ಬೇರೆ ರೋಗಿಗಳೆಲ್ಲ ಹೋಗುವವರೆಗೆ ಕಾದು ಕುಳಿತರು. ಆಮೇಲೆ ಜೇಬಿನಿಂದ ನಾಲ್ಕು ಮಡಿಕೆಯ ಒಂದು ರಿಪೋರ್ಟ್ ತೆಗೆದರು. ಅದು ಅವರ ಆರು ವರ್ಷದ ಮಗನ ಮೂಳೆಮಜ್ಜೆಯ ಪರೀಕ್ಷೆ. ಸಿಡಿ 10 ಪಾಸಿಟಿವ್, ಸಿಡಿ 19 ಪಾಸಿಟಿವ್, ಸಿಡಿ 34 ಪಾಸಿಟಿವ್ ಎಂದು ಸಾಲಾಗಿ ಬರೆದಿತ್ತು. “ಹಕೀಮ್ ಸಾಬ್, ಸಿಡಿ ಅಂದ್ರ ಆ ಕಾಯಿಲಿ ಅಲ್ಲೇನ್ರಿ? ನನ್ನ ಮಗಗ ಅದು ಹ್ಯಾಂಗ ಬಂತು?” ಎಂದು ದನಿ ತಗ್ಗಿಸಿ ಕೇಳಿದರು.

ಎಚ್‌ಐವಿ ಜಾಗೃತಿ ಕಾರ್ಯಕ್ರಮವೊಂದರಲ್ಲಿ ‘ಸಿಡಿ 4’ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು. ಈಗ ‘ಸಿಡಿ’ ಮತ್ತು ‘ಪಾಸಿಟಿವ್’ ಎರಡೂ ಒಂದೇ ಕಾಗದದಲ್ಲಿ ಕಂಡಾಗ ಅವರು ನಾಚಿಕೆಯಿಂದ ಕುಗ್ಗಿಹೋಗಿದ್ದರು. ಹೆಂಡತಿಗೂ ಹೇಳದೆ, ಆಸ್ಪತ್ರೆಗೂ ಮರಳದೆ ನಾಲ್ಕು ದಿನ ಕಳೆದಿದ್ದರು.

ಆ ರಿಪೋರ್ಟಿಗೂ ಎಚ್‌ಐವಿಗೂ ಯಾವ ಸಂಬಂಧವೂ ಇರಲಿಲ್ಲ. ಮಗುವಿಗೆ ಇದ್ದದ್ದು ರಕ್ತದ ಕ್ಯಾನ್ಸರ್, ಮತ್ತು ಅದು ಯಾವ ಬಗೆಯದು ಎಂಬುದನ್ನು ಆ ಸಾಲುಗಳು ಹೇಳುತ್ತಿದ್ದವು. ಮಕ್ಕಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಒಗ್ಗುವ ಬಗೆಯೇ ಅದಾಗಿತ್ತು. ಹೆದರಿ ಮನೆಯಲ್ಲಿ ಕುಳಿತ ನಾಲ್ಕು ದಿನಗಳೇ ಆ ಮಗುವಿಗೆ ಹೆಚ್ಚು ಅಪಾಯಕಾರಿ. ಇಂಥ ಕಾಗದ ಯಾವ ಮನೆಗಾದರೂ ಬರಬಹುದು. ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದನ್ನು ಈ ಸಲ ನೋಡೋಣ.

ರಕ್ತದ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ

ನಮ್ಮ ರಕ್ತದ ಕಣಗಳು ಹುಟ್ಟುವುದು ಮೂಳೆಯ ಒಳಗಿನ ಮೆತ್ತನೆಯ ಮಜ್ಜೆಯಲ್ಲಿ. ಅಲ್ಲಿರುವ ಮೂಲಕಣಗಳು ಮರದ ಕಾಂಡದಿಂದ ಕೊಂಬೆ ಒಡೆದಂತೆ ಬೇರೆ ಬೇರೆ ದಾರಿ ಹಿಡಿಯುತ್ತವೆ. ಒಂದು ಕೊಂಬೆಯಿಂದ ಕೆಂಪು ಕಣಗಳು, ಇನ್ನೊಂದರಿಂದ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು, ಉಳಿದವುಗಳಿಂದ ರೋಗದೊಂದಿಗೆ ಹೋರಾಡುವ ಬಿಳಿ ಕಣಗಳು ಬರುತ್ತವೆ. ಬಿಳಿ ಕಣಗಳಲ್ಲೂ ಎರಡು ದೊಡ್ಡ ಕುಲಗಳಿವೆ: ಮೈಲಾಯ್ಡ್ ಮತ್ತು ಲಿಂಫಾಯ್ಡ್. ಲಿಂಫಾಯ್ಡ್ ಕುಲದಲ್ಲಿ ಬಿ ಕಣಗಳು, ಟಿ ಕಣಗಳು ಎಂಬ ಒಳಭೇದಗಳಿವೆ.

ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಒಂದು ಕಣ ಕೆಟ್ಟು, ಬಲಿಯದೆ, ಸಾಯದೆ, ತನ್ನಂಥವನ್ನೇ ಹೆಚ್ಚಿಸುತ್ತಾ ಹೋದರೆ ಅದು ರಕ್ತದ ಕ್ಯಾನ್ಸರ್. ಯಾವ ಕೊಂಬೆಯ ಕಣ ಕೆಟ್ಟಿತು, ಎಷ್ಟು ಬಲಿತಾಗ ಕೆಟ್ಟಿತು ಎಂಬುದರ ಮೇಲೆ ಕಾಯಿಲೆಯ ಸ್ವಭಾವ ಬದಲಾಗುತ್ತದೆ. ಒಂದು ಬಗೆ ವಾರಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಇನ್ನೊಂದು ಬಗೆ ವಯಸ್ಸಾದವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ, ಕೆಲವರಿಗೆ ಔಷಧವೇ ಬೇಕಾಗುವುದಿಲ್ಲ. ಹೀಗಿರುವಾಗ ‘ಫಲಾನೆಯವರಿಗೂ ಬ್ಲಡ್ ಕ್ಯಾನ್ಸರ್ ಆಗಿತ್ತು, ಅವರು ಇಂಥ ಔಷಧ ತೆಗೆದುಕೊಂಡರು’ ಎಂಬ ಮಾತಿಗೆ ಬೆಲೆಯಿಲ್ಲ. ಅವರದು ಬೇರೆ ಕಾಯಿಲೆ ಇದ್ದಿರಬಹುದು.

ಬಸ್ಸಿನ ಮುಂದಿನ ಬೋರ್ಡು

ಕಲಬುರಗಿ ಬಸ್ ನಿಲ್ದಾಣದಲ್ಲಿ ನಿಂತ ಬಸ್ಸುಗಳನ್ನು ನೆನಪಿಸಿಕೊಳ್ಳಿ. ದೂರದಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಹತ್ತಿರ ಹೋಗಿ ಮುಂದಿನ ಬೋರ್ಡು ಓದಿದರೆ ಮಾತ್ರ ಇದು ಆಳಂದಕ್ಕೆ, ಅದು ಅಫಜಲಪುರಕ್ಕೆ, ಮತ್ತೊಂದು ಜೇವರ್ಗಿಗೆ ಎಂದು ಗೊತ್ತಾಗುತ್ತದೆ. ಬೋರ್ಡು ನೋಡದೆ ಹತ್ತಿದರೆ ಆಳಂದಕ್ಕೆ ಹೊರಟವರು ಭೀಮಾ ನದಿ ದಾಟಿ ಜೇವರ್ಗಿಯಲ್ಲಿ ಇಳಿಯಬೇಕಾದೀತು.

ರಕ್ತದ ಕಣಗಳ ಕಥೆಯೂ ಹಾಗೆಯೇ. ಸೂಕ್ಷ್ಮದರ್ಶಕದಲ್ಲಿ ಬಲಿಯದ ಕೆಟ್ಟ ಕಣಗಳು ಎಷ್ಟೋ ಸಲ ಒಂದೇ ರೀತಿ ದುಂಡಗೆ ಕಾಣುತ್ತವೆ. ನುರಿತ ವೈದ್ಯರೂ ಬರೀ ಕಣ್ಣೋಟದಿಂದ ಇದು ಬಿ ಕಣವೋ ಟಿ ಕಣವೋ ಎಂದು ಹೇಳಲಾರರು. ಆದರೆ ಪ್ರತಿ ಕಣದ ಮೈಮೇಲೆ ಪ್ರೋಟೀನಿನಿಂದಾದ ಗುರುತುಗಳಿರುತ್ತವೆ. ಕಣ ಯಾವ ಕುಲದ್ದು, ಎಷ್ಟು ಬಲಿತಿದೆ ಎಂಬುದಕ್ಕೆ ತಕ್ಕಂತೆ ಗುರುತುಗಳು ಬೇರೆಯಾಗುತ್ತವೆ. ಇವೇ ಬಸ್ಸಿನ ಬೋರ್ಡುಗಳು.

ಈ ಬೋರ್ಡು ಓದಲು ಒಂದು ಸಾಧನ ಬೇಕಿತ್ತು. 1975ರಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಒಂದೇ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಬೇರೆ ಬೇರೆ ಪ್ರಯೋಗಾಲಯಗಳು ಒಂದೇ ಗುರುತಿಗೆ ತಮ್ಮ ತಮ್ಮ ಹೆಸರು ಇಡತೊಡಗಿದಾಗ ಗೊಂದಲವಾಯಿತು. 1982ರಲ್ಲಿ ಪ್ಯಾರಿಸ್‌ನಲ್ಲಿ ತಜ್ಞರು ಸೇರಿ ಎಲ್ಲದಕ್ಕೂ ಸಮಾನ ಸಂಖ್ಯೆ ಕೊಡುವ ಕ್ರಮ ಆರಂಭಿಸಿದರು. ಅದೇ ‘ಸಿಡಿ’, ಅಂದರೆ ಕ್ಲಸ್ಟರ್ ಆಫ್ ಡಿಫರೆನ್ಸಿಯೇಷನ್. ಇಂದು ಇಂಥ ಗುರುತುಗಳು 370ಕ್ಕೂ ಹೆಚ್ಚು ಇವೆ.

ಆದ್ದರಿಂದ ಸಿಡಿಯ ಮುಂದಿನ ಅಂಕಿ ಬರೀ ಕ್ರಮಸಂಖ್ಯೆ. ಸಿಡಿ 34 ಎಂದರೆ ಕಾಯಿಲೆ ಮೂವತ್ನಾಲ್ಕನೇ ಹಂತಕ್ಕೆ ಹೋಗಿದೆ ಎಂದಲ್ಲ. ‘ಪಾಸಿಟಿವ್’ ಎಂದರೆ ಆ ಗುರುತು ಕಣದ ಮೇಲೆ ಇದೆ ಎಂದಷ್ಟೇ. ‘ನೆಗೆಟಿವ್’ ಎಂದರೆ ಇಲ್ಲ. ಸಿಡಿ 4 ಕೂಡ ನಮ್ಮೆಲ್ಲರ ದೇಹದಲ್ಲಿರುವ ಒಂದು ಜಾತಿಯ ಟಿ ಕಣಗಳ ಗುರುತು. ಎಚ್‌ಐವಿ ಆ ಕಣಗಳನ್ನು ನಾಶ ಮಾಡುವುದರಿಂದ ಅಲ್ಲಿ ಅವನ್ನು ಎಣಿಸುತ್ತಾರೆ.

ಪರೀಕ್ಷೆ ನಡೆಯುವ ಬಗೆ

ಈ ಪರೀಕ್ಷೆಯ ಹೆಸರು ಇಮ್ಯುನೋಫಿನೋಟೈಪಿಂಗ್. ಯಂತ್ರದ ಹೆಸರು ಫ್ಲೋ ಸೈಟೋಮೀಟರ್. ಆದ್ದರಿಂದ ಆಸ್ಪತ್ರೆಯವರು ಚಿಕ್ಕದಾಗಿ ‘ಫ್ಲೋ ಮಾಡಿಸಿ’ ಎನ್ನುತ್ತಾರೆ.

ರೋಗಿಯ ಸೊಂಟದ ಮೂಳೆಯ ಹಿಂಭಾಗದಿಂದ, ಆ ಜಾಗವನ್ನು ಮರಗಟ್ಟಿಸಿ, ಸೂಜಿಯಿಂದ ಸ್ವಲ್ಪ ಮಜ್ಜೆ ತೆಗೆಯುತ್ತಾರೆ. ರಕ್ತದಲ್ಲೇ ಕೆಟ್ಟ ಕಣಗಳು ಸಾಕಷ್ಟಿದ್ದರೆ ಕೈಯ ರಕ್ತವೂ ಸಾಕಾಗುತ್ತದೆ. ನಮ್ಮ ಕಡೆ ಒಂದು ಹೆದರಿಕೆ ಇದೆ: ‘ಬೆನ್ನಿನಿಂದ ತೆಗೆದರೆ ಕಾಲು ಹೋಗುತ್ತವೆ’. ಇದು ಸುಳ್ಳು. ಮಜ್ಜೆ ತೆಗೆಯುವುದು ಸೊಂಟದ ಮೂಳೆಯಿಂದ, ಅಲ್ಲಿ ಬೆನ್ನುಹುರಿ ಇರುವುದೇ ಇಲ್ಲ. ಎರಡು ಮೂರು ದಿನ ಆ ಜಾಗ ನೋಯಬಹುದು, ಅಷ್ಟೇ.

ಆ ಮಾದರಿಗೆ ಬಣ್ಣ ಹೊತ್ತ ಪ್ರತಿಕಾಯಗಳನ್ನು ಬೆರೆಸುತ್ತಾರೆ. ಸಿಡಿ 19 ಹುಡುಕುವ ಪ್ರತಿಕಾಯಕ್ಕೆ ಒಂದು ಬಣ್ಣ, ಸಿಡಿ 3 ಹುಡುಕುವುದಕ್ಕೆ ಇನ್ನೊಂದು. ಯಂತ್ರದಲ್ಲಿ ಕಣಗಳು ಜಪಮಣಿಯ ಹಾಗೆ ಒಂದರ ಹಿಂದೆ ಒಂದು ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ. ಯಾವ ಕಣ ಯಾವ ಬಣ್ಣದಲ್ಲಿ ಹೊಳೆಯಿತು, ಎಷ್ಟು ದೊಡ್ಡದು, ಒಳಗೆ ಎಷ್ಟು ಹರಳುಗಳಿವೆ ಎಂಬುದನ್ನು ಯಂತ್ರ ಸೆಕೆಂಡಿಗೆ ಸಾವಿರಾರು ಕಣಗಳ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ.

ಈ ಕಣಗಳು ಜೀವಂತ ಇರುವಾಗಲೇ ಪರೀಕ್ಷೆಯಾಗಬೇಕು. ಒಂದೆರಡು ದಿನಗಳಾಚೆ ಮಾದರಿ ಕೆಡುತ್ತದೆ. ಕೆಲವೊಮ್ಮೆ ಮಾದರಿಯನ್ನು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಬೇಕಾಗುತ್ತದೆ. ಆಗ ‘ಇವತ್ತು ಹಣ ಹೊಂದಿಲ್ಲ, ನಾಳೆ ನಾಡಿದ್ದು ಕಳಿಸಿ’ ಎಂದು ತಡ ಮಾಡಬೇಡಿ. ಕೆಟ್ಟ ಮಾದರಿಯಿಂದ ಉತ್ತರ ಬರದಿದ್ದರೆ ಮಗುವಿಗೆ ಮತ್ತೆ ಸೂಜಿ ಹಾಕಬೇಕಾಗುತ್ತದೆ.

ರಿಪೋರ್ಟ್ ಏನು ಹೇಳುತ್ತದೆ?

ಸಿಡಿ 45 ಬಿಳಿ ಕಣಗಳೆಲ್ಲದರ ಸಾಮಾನ್ಯ ಗುರುತು. ಸಿಡಿ 34 ಇದ್ದರೆ ಕಣ ಇನ್ನೂ ಎಳೆಯದು. ಸಿಡಿ 19, ಸಿಡಿ 22 ಬಿ ಕಣದ ಗುರುತುಗಳು. ಸಿಡಿ 3, ಸಿಡಿ 7 ಟಿ ಕಣದವು. ಸಿಡಿ 13, ಸಿಡಿ 33, ಸಿಡಿ 117 ಮೈಲಾಯ್ಡ್ ಕುಲದವು. ಸಿಡಿ 138 ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕಣದ್ದು. ಮೈಲೋಮ ಎಂಬ ಕಾಯಿಲೆಯಲ್ಲಿ ಅದನ್ನು ನೋಡುತ್ತಾರೆ.

ಯಾವುದೇ ಒಂದು ಗುರುತಿನಿಂದ ತೀರ್ಮಾನ ಆಗುವುದಿಲ್ಲ. ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರಿನ ಜೊತೆ ಯಾವ ಮಾರ್ಗವಾಗಿ ಎಂದೂ ಬರೆದಿರುವಂತೆ, ಇಲ್ಲಿ ಹಲವು ಗುರುತುಗಳನ್ನು ಕೂಡಿಸಿ ಓದಬೇಕು. ಆ ಜೇವರ್ಗಿಯ ಮಗುವಿನ ರಿಪೋರ್ಟಿನಲ್ಲಿ 19, 10, 34 ಮೂರೂ ಒಂದೇ ಕಣದ ಮೇಲೆ ಇದ್ದವು. ಅಂದರೆ ಎಳೆಯ ಬಿ ಕಣದ ಲ್ಯುಕೇಮಿಯಾ. ಇನ್ನೊಂದು ಉದಾಹರಣೆ: ಸಿಡಿ 5 ಸಾಮಾನ್ಯವಾಗಿ ಟಿ ಕಣದ ಗುರುತು. ಅದೇ ಗುರುತು ಸಿಡಿ 19 ಮತ್ತು ಸಿಡಿ 23ರ ಜೊತೆ ಬಲಿತ ಬಿ ಕಣದ ಮೇಲೆ ಕಂಡರೆ, ಅದು ಹೆಚ್ಚಾಗಿ ವಯಸ್ಸಾದವರಲ್ಲಿ ಬರುವ ನಿಧಾನಗತಿಯ ಲ್ಯುಕೇಮಿಯಾದ ಕಡೆ ಬೆರಳು ತೋರಿಸುತ್ತದೆ.

ಈ ಪರೀಕ್ಷೆ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಕಣದ ಒಳಗಿನ ಜೀನುಗಳ ಪರೀಕ್ಷೆಯೂ ಬೇಕಾಗುತ್ತದೆ. ಉದಾಹರಣೆಗೆ, ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾವನ್ನು ಖಚಿತಪಡಿಸುವುದು ಬಿಸಿಆರ್-ಎಬಿಎಲ್ ಎಂಬ ಜೀನು. ಆ ಕಾಯಿಲೆಗೆ ಇಮ್ಯಾಟಿನಿಬ್ ಎಂಬ ಮಾತ್ರೆ ಇದೆ. ಅದನ್ನು ದಿನವೂ ನುಂಗುತ್ತಾ ಎಷ್ಟೋ ಜನ ದುಡಿದು ತಿನ್ನುತ್ತಿದ್ದಾರೆ. ಆದ್ದರಿಂದ ‘ಒಂದು ಪರೀಕ್ಷೆ ಆಯಿತಲ್ಲ, ಮತ್ತೇಕೆ ಇನ್ನೊಂದು?’ ಎಂದು ವೈದ್ಯರ ಮೇಲೆ ಅನುಮಾನ ಪಡಬೇಡಿ.

ಹೆಸರು ತಿಳಿದರೆ ಏನು ಲಾಭ?

ಹೆಸರಿಗೆ ತಕ್ಕಂತೆ ಔಷಧ ಬೇರೆ, ಅವಧಿ ಬೇರೆ. ಮಕ್ಕಳ ಲಿಂಫಾಯ್ಡ್ ಲ್ಯುಕೇಮಿಯಾಕ್ಕೆ ಎರಡರಿಂದ ಮೂರು ವರ್ಷ ಚಿಕಿತ್ಸೆ. ಮೈಲಾಯ್ಡ್ ಆದರೆ ಕೆಲವೇ ತಿಂಗಳು, ಆದರೆ ತೀವ್ರ ಚಿಕಿತ್ಸೆ. ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಕೆಲಸ ಮಾಡದಿರಬಹುದು. ಮುಂದುವರಿದ ದೇಶಗಳಲ್ಲಿ ಮಕ್ಕಳ ಲಿಂಫಾಯ್ಡ್ ಲ್ಯುಕೇಮಿಯಾದಲ್ಲಿ 100ಕ್ಕೆ ಸುಮಾರು 90 ಮಕ್ಕಳು ಗುಣವಾಗುತ್ತಾರೆ. ನಮ್ಮಲ್ಲಿ ಮಕ್ಕಳನ್ನು ಕಳೆದುಕೊಳ್ಳಲು ತಡವಾಗಿ ಬರುವುದು, ಸೋಂಕು ಮತ್ತು ನಡುವೆ ಚಿಕಿತ್ಸೆ ಬಿಡುವುದು ದೊಡ್ಡ ಕಾರಣಗಳು.

ಆ ಗುರುತೇ ಔಷಧಕ್ಕೆ ಗುರಿಯೂ ಆಗುತ್ತದೆ. ಸಿಡಿ 20 ಇರುವ ಕಣಗಳನ್ನು ಹುಡುಕಿ ಹೊಡೆಯುವ ರಿಟುಕ್ಸಿಮ್ಯಾಬ್ 1997ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಈಗ ನಮ್ಮ ದೇಶದಲ್ಲೂ ತಯಾರಾಗುತ್ತದೆ. ರೋಗಿಯದೇ ಟಿ ಕಣಗಳನ್ನು ತೆಗೆದು, ಸಿಡಿ 19 ಗುರುತನ್ನು ಹುಡುಕುವಂತೆ ಕಲಿಸಿ, ಮರಳಿ ದೇಹಕ್ಕೆ ಬಿಡುವ ಚಿಕಿತ್ಸೆಯೂ ಇದೆ. ಮುಂಬೈನ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್ 19ಕ್ಕೆ 2023ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಅದು ಎಲ್ಲರಿಗೂ ಅಲ್ಲ, ಬಿ ಕಣದ ಕಾಯಿಲೆ ಮರುಕಳಿಸಿದ ಕೆಲವರಿಗೆ.

ಮೂರನೆಯ ಲಾಭ, ಉಳಿದ ರೋಗವನ್ನು ಹುಡುಕುವುದು. ಮೊದಲ ತಿಂಗಳ ಚಿಕಿತ್ಸೆಯ ನಂತರ ಸೂಕ್ಷ್ಮದರ್ಶಕಕ್ಕೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಫ್ಲೋ ಪರೀಕ್ಷೆ 10,000 ಕಣಗಳಲ್ಲಿ ಒಂದು ಕೆಟ್ಟ ಕಣ ಅಡಗಿದ್ದರೂ ಹಿಡಿಯಬಲ್ಲದು. ‘ಮಗು ಆಡುತ್ತಿದೆ, ಉಣ್ಣುತ್ತಿದೆ, ಇನ್ನೇಕೆ ಔಷಧ’ ಎಂದು ಕೇಳುವ ತಾಯಂದಿರಿಗೆ ಉತ್ತರ ಇಲ್ಲಿದೆ. ಕಣ್ಣಿಗೆ ಕಾಣದ ಆ ಕೆಲವು ಕಣಗಳಿಗಾಗಿಯೇ ಉಳಿದ ಎರಡು ವರ್ಷದ ಚಿಕಿತ್ಸೆ.

ಸಂಖಿಯಾದಿಂದ ಕಲಿಯಬೇಕಾದದ್ದು

ನಾನು ಯುನಾನಿ ವೈದ್ಯ. ಆದ್ದರಿಂದ ಈ ಪ್ರಶ್ನೆ ನನಗೆ ತಪ್ಪುವುದಿಲ್ಲ: “ನಮ್ಮ ತಿಬ್ಬಿನಲ್ಲಿ ಇದಕ್ಕೆ ಔಷಧ ಇಲ್ಲವೇ? ಸಂಖಿಯಾದಿಂದ ಬ್ಲಡ್ ಕ್ಯಾನ್ಸರ್ ವಾಸಿಯಾಗುತ್ತದಂತೆ?”

ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವೇ ಅಪಾಯ. ಹಕೀಮರು ಸಮ್ಮುಲ್ ಫಾರ್ ಎಂದು ಕರೆಯುವ ಸಂಖಿಯಾ ಅಂದರೆ ಆರ್ಸೆನಿಕ್. ಚೀನಾದ ಹಾರ್ಬಿನ್ ನಗರದ ವೈದ್ಯರು 1970ರ ದಶಕದಿಂದ ನಡೆಸಿದ ಪ್ರಯೋಗಗಳಿಂದ, ಶುದ್ಧೀಕರಿಸಿದ ಆರ್ಸೆನಿಕ್ ಟ್ರೈಆಕ್ಸೈಡ್ ಒಂದು ಕಾಯಿಲೆಗೆ ಬಹಳ ಒಳ್ಳೆಯ ಔಷಧ ಎಂದು ಸಾಬೀತಾಯಿತು. ಆ ಕಾಯಿಲೆ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ, ಮೈಲಾಯ್ಡ್ ಲ್ಯುಕೇಮಿಯಾದ ಒಂದು ಸಣ್ಣ ಒಳಭೇದ ಮಾತ್ರ. ಅದರ ಕಣಗಳಲ್ಲಿ ಸಾಮಾನ್ಯವಾಗಿ ಸಿಡಿ 33 ಇರುತ್ತದೆ, ಸಿಡಿ 34 ಇರುವುದಿಲ್ಲ. ಈ ಸುಳಿವು ಸಿಕ್ಕಾಗ ಜೀನಿನ ಪರೀಕ್ಷೆಯಿಂದ ಖಚಿತಪಡಿಸುತ್ತಾರೆ. ಔಷಧವನ್ನು ತೂಕಕ್ಕೆ ತಕ್ಕಂತೆ ಅಳೆದು, ನರಕ್ಕೆ ಕೊಟ್ಟು, ಹೃದಯದ ಇಸಿಜಿ ನೋಡುತ್ತಾ ಆಸ್ಪತ್ರೆಯಲ್ಲೇ ಚಿಕಿತ್ಸೆ ಮಾಡುತ್ತಾರೆ. ಬೇರೆ ಬಗೆಯ ಲ್ಯುಕೇಮಿಯಾ ಇರುವ ಮಗುವಿಗೆ ಮನೆಯಲ್ಲಿ ಕುಷ್ತಾ ತಿನ್ನಿಸಿದರೆ ಅದು ಬರೀ ವಿಷ.

ನಮ್ಮ ಹಿರಿಯ ಹಕೀಮರು ತಷ್ಖೀಸ್ ಮೊದಲು, ಇಲಾಜ್ ಆಮೇಲೆ ಎಂದು ನಮಗೆ ಕಲಿಸಿದರು. ಇಬ್ನ್ ಸೀನಾ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ನಾಡಿ ಮತ್ತು ಮೂತ್ರದ ಪರೀಕ್ಷೆಗೆ ಎಷ್ಟೋ ಅಧ್ಯಾಯಗಳನ್ನು ಮೀಸಲಿಟ್ಟರು. ಅಂದಿಗೆ ಕೈಗೆ ಸಿಕ್ಕ ಸಾಧನಗಳು ಅವೇ. ಕಣದ ಮೇಲಿನ ಗುರುತು ನಾಡಿಗೆ ಸಿಕ್ಕುವುದಿಲ್ಲ. ಇಂದು ಆ ಗುರುತು ಓದುವ ಸಾಧನ ಇರುವಾಗ ಅದನ್ನು ಬಿಟ್ಟು ಔಷಧ ಕೊಡುವವನು ತಿಬ್ಬಿಗೂ ನಿಷ್ಠನಲ್ಲ.

ಇದನ್ನು ಬೇರೆಯವರಿಗೆ ಹೇಳುವ ಮುನ್ನ ನನ್ನ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಅಫಜಲಪುರ ಕಡೆಯ ಒಬ್ಬ ಹುಡುಗಿ ಬಿಳಿಚಿಕೊಂಡು, ಕಾಲು ನೋವೆಂದು ಬಂದಿದ್ದಳು. ರಕ್ತಹೀನತೆ ಎಂದುಕೊಂಡು ಪರೀಕ್ಷೆ ಮಾಡಿಸದೆ ಎರಡು ವಾರ ಶರಬತ್ ಫೌಲಾದ್ ಕೊಟ್ಟೆ. ಮತ್ತೆ ಬಂದಾಗ ಒಸಡಿನಲ್ಲಿ ರಕ್ತ ಇತ್ತು. ಆವತ್ತು ಮಾಡಿಸಿದ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಎಲ್ಲ ಗೊತ್ತಾಯಿತು. ಆ ಎರಡು ವಾರ ನನ್ನ ಲೆಕ್ಕದಲ್ಲಿ ಇನ್ನೂ ಇವೆ.

ಪರೀಕ್ಷೆಗೆ ಮೊದಲು ಇದನ್ನು ಮಾಡಬೇಡಿ

ಜ್ವರ, ಕೀಲುನೋವಿಗೆ ‘ಪವರ್ ಇಂಜೆಕ್ಷನ್’ ಎಂದು ಕೊಡುವ ಸೂಜಿಗಳಲ್ಲಿ ಹಲವು ಸಲ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಹೆಸರಿಲ್ಲದ ಪುಡಿಗಳಲ್ಲೂ ಇದನ್ನು ಬೆರೆಸುವವರಿದ್ದಾರೆ. ಸ್ಟೀರಾಯ್ಡ್ ಲಿಂಫಾಯ್ಡ್ ಲ್ಯುಕೇಮಿಯಾದ ಚಿಕಿತ್ಸೆಯಲ್ಲೂ ಬಳಸುವ ಔಷಧವೇ. ಆದರೆ ಒಂಟಿಯಾಗಿ ನಾಲ್ಕು ದಿನ ಕೊಟ್ಟರೆ ಕೆಟ್ಟ ಕಣಗಳು ತಾತ್ಕಾಲಿಕವಾಗಿ ಕರಗುತ್ತವೆ, ಜ್ವರ ಇಳಿಯುತ್ತದೆ, ಗಂಟು ಕುಗ್ಗುತ್ತದೆ, ಮಗು ರೊಟ್ಟಿ ಕೇಳಿ ತಿನ್ನುತ್ತದೆ. ಮನೆಯವರು ಗುಣವಾಯಿತು ಎಂದುಕೊಳ್ಳುತ್ತಾರೆ. ಆಗ ಮಜ್ಜೆ ತೆಗೆದರೆ ಗುರುತು ಓದಲು ಕಣಗಳೇ ಸಾಲದೆ ಹೋಗಬಹುದು. ಕೆಲವು ವಾರಗಳಲ್ಲಿ ಕಾಯಿಲೆ ಮರಳುತ್ತದೆ, ಮೊದಲಿಗಿಂತ ಹಟಮಾರಿಯಾಗಿ. ಆದ್ದರಿಂದ ಏನೇ ಔಷಧ ಕೊಟ್ಟಿದ್ದರೂ, ನಮ್ಮಂಥ ಹಕೀಮರದ್ದೇ ಆಗಿರಲಿ, ಆಸ್ಪತ್ರೆಯಲ್ಲಿ ಮುಚ್ಚಿಡದೆ ಹೇಳಿ.

ಯಾವಾಗ, ಎಲ್ಲಿಗೆ?

ಬಿಳಿಚುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇರುವುದು ಕಬ್ಬಿಣದ ಕೊರತೆ. ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದರೆ ಸಾಮಾನ್ಯವಾಗಿ ಡೆಂಗೀ. ಎಲ್ಲದಕ್ಕೂ ಹೆದರಬೇಕಿಲ್ಲ. ಆದರೆ ಹತ್ತು ದಿನ ಕಳೆದರೂ ಜ್ವರ ಬಿಡದಿದ್ದರೆ, ಬಿಳಿಚುವಿಕೆ ಬೇಗ ಹೆಚ್ಚುತ್ತಿದ್ದರೆ, ಚರ್ಮದ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆ ಎದ್ದರೆ, ಮೂಗು-ಒಸಡಿನಿಂದ ರಕ್ತ ಬಂದರೆ, ಮಗು ಕುಂಟತೊಡಗಿದರೆ, ಕುತ್ತಿಗೆ-ಕಂಕುಳಲ್ಲಿ ಗಂಟು ಬೆಳೆಯುತ್ತಿದ್ದರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಸರಕಾರಿ ತಾಲೂಕು ಆಸ್ಪತ್ರೆಗಳಿವೆ. ಸಿಬಿಸಿ ಮತ್ತು ಗಾಜಿನ ಪಟ್ಟಿಯ ಮೇಲೆ ರಕ್ತ ನೋಡುವ ಸ್ಮಿಯರ್, ಇವೆರಡನ್ನೂ ಕೇಳಿ ಮಾಡಿಸಿ.

ಅನುಮಾನ ಬಂದರೆ ಮುಂದಿನ ದಾರಿ ಕಲಬುರಗಿ. ಅಲ್ಲಿ ಜಿಮ್ಸ್ ಆಸ್ಪತ್ರೆಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖಾ ಕೇಂದ್ರವೂ ಇವೆ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫೀ ಅಹ್ಮದ್ ಕಿದ್ವಾಯಿ ಅವರ ಹೆಸರು ಹೊತ್ತ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾದದ್ದು. ಹೊರಡುವ ಮೊದಲು ಮಗುವಿನ ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಇದಕ್ಕೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳಿ ಪಡೆಯಿರಿ. ನಮ್ಮವರು ಸೊಲ್ಲಾಪುರ, ಹೈದರಾಬಾದ್ ಕಡೆ ಹೋಗುವುದು ರೂಢಿ. ರಾಜ್ಯ ದಾಟುವ ಮೊದಲು ಅಲ್ಲಿ ಈ ನೆರವು ಸಿಗುತ್ತದೆಯೇ ಎಂದು ವಿಚಾರಿಸಿ.

ಚಿಕಿತ್ಸೆಯ ದಿನಗಳಲ್ಲಿ ಮಗುವಿನ ರೋಗನಿರೋಧಕ ಶಕ್ತಿ ತೀರಾ ಕಡಿಮೆ. ಕುದಿಸಿ ಆರಿಸಿದ ನೀರು, ಬಿಸಿ ಅಡುಗೆ ಕೊಡಿ. ಮಗುವನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ವುಝೂ ಮಾಡಿದ್ದೇವಲ್ಲ ಎಂದು ಸಾಬೂನು ಬಿಡಬೇಡಿ. ವಿಚಾರಿಸಲು ಬರುವ ಬಂಧುಗಳು ಬಾಗಿಲಲ್ಲೇ ಸಲಾಮ್ ಹೇಳಿ ದುಆ ಮಾಡಿ ಹೋದರೆ ಅದೇ ದೊಡ್ಡ ಉಪಕಾರ. ಇನ್ನೂ ಮಾಡಬೇಕೆನಿಸಿದರೆ ರಕ್ತ ಕೊಡಿ, ಪ್ಲೇಟ್‌ಲೆಟ್ ಕೊಡಿ, ಬಸ್ಸಿನ ಖರ್ಚಿಗೆ ನೆರವಾಗಿ.

ಆ ಸಂಜೆ ಜೇವರ್ಗಿಯ ತಂದೆ ರಿಪೋರ್ಟನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. “ಹಂಗಾರ ಇದು ಹೆಸರಷ್ಟೇ ಅಲ್ಲೇನ್ರಿ” ಎಂದರು. ಹೌದು, ಹೆಸರಷ್ಟೇ ಎಂದೆ. ಮರುದಿನ ಬೆಳಿಗ್ಗೆ ಹೆಂಡತಿಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರು. ಹುಡುಗನಿಗೆ ಈಗ ಚಿಕಿತ್ಸೆಯ ಎರಡನೇ ವರ್ಷ. ತಲೆಗೂದಲು ಮತ್ತೆ ಬಂದಿದೆ, ಮಾತ್ರೆ ಇನ್ನೂ ನಿಂತಿಲ್ಲ. ನಿಲ್ಲಿಸಬೇಡಿ ಎಂದು ಪ್ರತಿ ಸಲವೂ ನಾನು ಹೇಳುತ್ತೇನೆ. ಶಿಫಾ ಕೊಡುವವನು ಅಲ್ಲಾಹ್. ಆ ಶಿಫಾದ ದಾರಿಯಲ್ಲಿ ತಡ ಮಾಡದಿರುವುದು ನಮ್ಮ ಕೈಯಲ್ಲಿದೆ.